ಪುಕ್ಕಟೆ ಬಿಕ್ಕಳಿಕೆ

ನಮ್ಮ ಊರಲ್ಲಿ ಮಕ್ಕಳು ಕಾಲಿಗೆ ಬಿದ್ದರೆ ಹಿರಿಯರು ‘ಎರಡನೇ ನಂಬರ ಬಾರಪ್ಪಾ’ ಎಂದು ಹರಸುತ್ತಾರೆ. ಹೊರಗಿನವರಿಗೆ ಇದು ಶಾಪ ಹಾಕಿದಂತೆ ಕೇಳಿಸುತ್ತದೆ. ಅವರಿಗೇನು ಗೊತ್ತು? ಊರಿನ ಅಗಸಿ ಬಾಗಿಲಿನೊಳಗೆ ಯಾರಾದರೂ ಬಾಯಿಬಿಟ್ಟು ಒಂದು ಪ್ರಶ್ನೆ ಕೇಳಿದರೆ ಸಾಕು, ಅದರ ಉತ್ತರ ಯಾರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದೆಯೋ ಅವರಿಗೆ ಬಿಕ್ಕಳಿಕೆ ಹತ್ತಿಕೊಳ್ಳುತ್ತದೆ. ಉತ್ತರ ಹೇಳುವ ತನಕ ಬಿಡುವುದಿಲ್ಲ. ನೀರು ಕುಡಿದರೂ ಇಲ್ಲ, ಸಕ್ಕರೆ ಮುಕ್ಕಿದರೂ ಇಲ್ಲ, ಹಿಂದಿನಿಂದ ಬಂದು ಯಾರಾದರೂ ಹೆದರಿಸಿದರೂ ಇಲ್ಲ. ಎರಡನೆಯವರಿಗೆ ಮಾತ್ರ ಏನೂ ಆಗುವುದಿಲ್ಲ. ಆದ್ದರಿಂದ ಎಲ್ಲವನ್ನೂ ತಿಳಿದುಕೊಂಡು, ಒಬ್ಬರಿಗಿಂತ ಒಂದು ಗುಲಗಂಜಿಯಷ್ಟು ಕಡಿಮೆ ತಿಳಿದುಕೊಳ್ಳುವುದೇ ನಮ್ಮಲ್ಲಿ ಜಾಣತನ. ಶಾಲೆಯಲ್ಲಿ ಮೊದಲ ನಂಬರು ಬಂದ ಹುಡುಗಿಯ ತಾಯಿಯನ್ನು ಓಣಿಯವರು ಹೋಗಿ ಸಮಾಧಾನ ಮಾಡಿ ಬರುತ್ತಾರೆ. ವಕೀಲರಂತೂ ಯಾರೂ ಇಲ್ಲಿ ನೆಲೆ ನಿಂತಿಲ್ಲ.

ಪ್ರಶ್ನೆ ಕೇಳುವುದನ್ನೇ ನಾವು ಆದಷ್ಟು ಬಿಟ್ಟಿದ್ದೇವೆ. ದಾರಿಯಲ್ಲಿ ಸಿಕ್ಕವರಿಗೆ ‘ಊಟ ಆಗಿರಬೇಕು’ ಎನ್ನುತ್ತೇವೆ. ಅವರಿಗೆ ಹೇಳಬೇಕೆನಿಸಿದರೆ ಹೇಳುತ್ತಾರೆ. ‘ಊಟ ಆಯಿತೇ’ ಎಂದು ಕೇಳಿಬಿಟ್ಟರೆ ಪಾಪ, ಅವರ ಹೊಟ್ಟೆಯ ಸಂಗತಿ ಅವರಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತಿರಬೇಕು, ಬೀದಿಯಲ್ಲೇ ಬಿಕ್ಕಲು ಶುರುಮಾಡುತ್ತಾರೆ. ಇನ್ನೊಂದು ಮಾತು ನಮ್ಮ ಹಿರಿಯರದು: ಬಿಕ್ಕಿ ಹೇಳಿದ್ದಕ್ಕೆ ಬೆಲೆ ಇಲ್ಲ. ತನ್ನ ಬಿಕ್ಕಳಿಕೆ ನಿಲ್ಲಲೆಂದು ತಾನು ಹೇಳಿದ್ದಕ್ಕೆ ಯಾರೂ ಕಾಸು ಕೇಳುವಂತಿಲ್ಲ ಎಂದು ಅದರ ಅರ್ಥ.

ನಾನು ಸರೋಜಿನಿ ಹೂಗಾರ, ಪುರಸಭೆಯ ಹಿರಿಯ ಗುಮಾಸ್ತೆ. ಎಲ್ಲರೂ ಹೂಗಾರ ಬಾಯಾರು ಎನ್ನುತ್ತಾರೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನಾನು ಬಿಕ್ಕಿದ್ದು ಬೆರಳೆಣಿಕೆಯಷ್ಟು ಸಲ. ಕಡತಗಳ ಜಾಗ ಜವಾನನಿಗೆ ನನಗಿಂತ ತುಸು ಹೆಚ್ಚು ಗೊತ್ತಿರಲಿ, ಕಾನೂನು ಮುಖ್ಯಾಧಿಕಾರಿಗಳಿಗೆ ತುಸು ಹೆಚ್ಚು ಗೊತ್ತಿರಲಿ ಎಂದು ಬಹಳ ಕಾಳಜಿಯಿಂದ ನೋಡಿಕೊಂಡು ಬಂದವಳು. ಇದನ್ನು ಸೋಮಾರಿತನ ಎನ್ನುವವರು ಇದ್ದಾರೆ. ಎರಡನೆಯವಳಾಗಿ ಉಳಿಯುವುದು ಎಷ್ಟು ಮೈಬಗ್ಗಿಸುವ ಕೆಲಸ ಎಂಬುದು ಅವರಿಗೆ ತಿಳಿಯದು.

ಊರಿನ ಒಂಬತ್ತು ಓಣಿಗಳಿಗೆ ಸರದಿಯ ಮೇಲೆ ನೀರು ಬಿಡುವ ಕೆಲಸವನ್ನು ನಾಲ್ಕು ವರ್ಷದ ಹಿಂದೆ ಕಂಪ್ಯೂಟರಿಗೆ ಒಪ್ಪಿಸಿದರು. ಹಳೆಯ ದಾಖಲೆ ಕೋಣೆಯಲ್ಲಿ ಒಂದು ಸರ್ವರ್ ಕೂತಿತು. ಅದರೊಳಗಿನ ಸಾಫ್ಟ್‌ವೇರಿಗೆ ಮಾಲೀಕರಿಲ್ಲ, ಬೆಲೆಯೂ ಇಲ್ಲ. ಜಗತ್ತಿನ ಯಾರು ಯಾರೋ ಸೇರಿ ಬರೆದದ್ದು, ಯಾರು ಬೇಕಾದರೂ ಬಿಚ್ಚಿ ಓದಬಹುದು, ತಿದ್ದಬಹುದು. ಹಾಕಿಸಿದ ಅಧಿಕಾರಿ ಎಂಟು ತಿಂಗಳಲ್ಲಿ ವರ್ಗವಾಗಿ ಹೋದರು. ಅವರು ಹೋದ ವಾರವೇ ಅದು ನಿಂತಿತು. ನಾನು ಸಿಟ್ಟಿನಲ್ಲಿ ಮೈಮರೆತು, ಇದಕ್ಕೇನು ದಾಡಿ ಬಂದಿದೆ ಎಂದು ಕಿಟಕಿಯ ಬಳಿ ನಿಂತು ಕೇಳಿಯೇಬಿಟ್ಟೆ. ಎದುರು ಸಾಲಿನ ಗಡಿಯಾರದ ಅಂಗಡಿಯಿಂದ ‘ಬಿಕ್’ ಎಂದು ಕೇಳಿಸಿತು.

ಅದು ಮೋನಪ್ಪ ಪತ್ತಾರರ ಅಂಗಡಿ. ಬಿಚ್ಚಬಹುದಾದ ಯಾವುದನ್ನೂ ಬಿಚ್ಚದೆ ಬಿಡುವ ಮನುಷ್ಯರಲ್ಲ ಅವರು. ಎಲ್ಲರ ಕೈಗೂ ಮೊಬೈಲು ಬಂದು ಗಡಿಯಾರ ರಿಪೇರಿ ಕಡಿಮೆಯಾದ ಮೇಲೆ, ಪುರಸಭೆಗೆ ಬಂದಿರುವ ಸಾಫ್ಟ್‌ವೇರನ್ನು ಬಿಚ್ಚಿ ನೋಡಬಹುದಂತೆ ಎಂದು ಯಾರೋ ಅಂದದ್ದನ್ನು ಕೇಳಿ, ಅದನ್ನು ತಮ್ಮ ಹಳೆಯ ಕಂಪ್ಯೂಟರಿಗೆ ಇಳಿಸಿಕೊಂಡು ಸಾಲು ಸಾಲಾಗಿ ಓದಿಬಿಟ್ಟಿದ್ದರು. ಎರಡನೆಯವರೇ ಇಲ್ಲದ ವಿದ್ಯೆಯಲ್ಲಿ ಮೊದಲನೆಯವರಾಗಿ ಸಿಕ್ಕಿಬಿದ್ದರು.

ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನುವ ಜನ ನಾವು. ಅಂದಿನಿಂದ ಸರ್ವರ್ ಕೆಮ್ಮಿದರೂ ಕಿಟಕಿಗೆ ಹೋಗಿ ಕೇಳುವುದೇ ರೂಢಿಯಾಯಿತು. ಮೋನಪ್ಪನವರು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ರಸ್ತೆ ದಾಟಿ ಬರುತ್ತಿದ್ದರು. ಕೈಗೆ ಎಣ್ಣೆ ಹತ್ತಿದೆ ಎಂದು ಹೇಳಿ, ಕೀಲಿಗಳನ್ನು ನನ್ನಿಂದಲೇ ಒತ್ತಿಸುತ್ತಿದ್ದರು. ಏಕೆ ಹೀಗೆ, ಏಕೆ ಹಾಗೆ ಎಂದು ಬಿಡಿಸಿ ಹೇಳಿ, ಬರೆದುಕೊಳ್ಳಲು ಹೇಳಿ ಹೋಗುತ್ತಿದ್ದರು. ಮೂರು ವರ್ಷದಲ್ಲಿ ನನ್ನ ಬಳಿ ನಾಲ್ಕು ದಪ್ಪ ನೋಟ್‌ಬುಕ್ಕುಗಳಾದವು. ಒಂದನ್ನಾದರೂ ತೆರೆದು ನೋಡಿದ್ದರೆ ಅರ್ಧ ಪ್ರಶ್ನೆಗಳನ್ನು ಕೇಳಬೇಕಾಗಿಯೇ ಇರಲಿಲ್ಲ. ಆದರೆ ಪುಟ ಹುಡುಕುವುದಕ್ಕಿಂತ ಕಿಟಕಿ ಹತ್ತಿರವಿತ್ತು.

ಕಳೆದ ಬೇಸಿಗೆಯಲ್ಲಿ ಒಂದೇ ವಾರ ಹನ್ನೊಂದು ಸಲ ಕೇಳಿದೆವು. ಹನ್ನೊಂದನೆಯ ಸಲ ಮೋನಪ್ಪನವರ ಚಿಮಟದಲ್ಲಿ ಹೆರಿಗೆ ಆಸ್ಪತ್ರೆಯ ಸಿಸ್ಟರ್ ಸುಗುಣಾ ಅವರ ಕೈಗಡಿಯಾರದ ಸ್ಪ್ರಿಂಗ್ ಇತ್ತು. ಸಿಸ್ಟರಿಗೆ ಅವರಪ್ಪ ಕೊಟ್ಟು ಹೋದ ಗಡಿಯಾರ. ಅಂಥ ಸ್ಪ್ರಿಂಗ್ ಈಗ ಎಲ್ಲೂ ಸಿಗುವುದಿಲ್ಲ. ಒಂದು ಬಿಕ್ಕಳಿಕೆಗೆ ಅದು ಮುರಿಯಿತು. ಸಿಸ್ಟರ್ ನಿಂತ ಗಡಿಯಾರವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರಂತೆ. ಸುದ್ದಿ ಹಬ್ಬಿ, ಬಿಕ್ಕುವವನ ಕೈಗೆ ಗಡಿಯಾರ ಕೊಡಬಾರದೆಂದು ಉಳಿದ ಗಿರಾಕಿಗಳೂ ತಮ್ಮ ತಮ್ಮವನ್ನು ವಾಪಸು ಒಯ್ದರು. ಮರುದಿನ ಮೋನಪ್ಪನವರು, ಯಾರೂ ಕೇಳದೆಯೇ, ನನ್ನ ಮೇಜಿನ ಮುಂದೆ ಬಂದು ನಿಂತರು.

“ಬಾಯಾರ, ನಾ ಗಡಿಯಾರ ಮಾಡಾಂವ. ನಿಮ್ಮ ಸಾಫ್ಟ್‌ವೇರ್ ಪುಕ್ಕಟ ಐತಿ, ಖರೆ. ನನ್ನ ಕೈ ಪುಕ್ಕಟ ಇಲ್ಲ. ಬರೂ ಸಭಾದಾಗ ಏನರ ಒಂದು ವ್ಯವಸ್ಥಾ ಮಾಡ್ರಿ. ಇಲ್ಲಾಂದ್ರ ನಾ ಅಂಗಡಿ ಎತ್ತತೀನಿ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಹನ್ನೊಂದರಲ್ಲಿ ಏಳು ನಾನು ಕೇಳಿದ ಪ್ರಶ್ನೆಗಳು.

ಅಧ್ಯಕ್ಷ ಅಡಿವೆಪ್ಪಗೌಡರು ಟಿಪ್ಪಣಿ ತಯಾರಿಸಲು ಹೇಳಿದರು. ಗೌಡರು ಕೆಟ್ಟವರಲ್ಲ, ಆದರೆ ಬಿಗಿ ಮುಷ್ಟಿ. ಪುರಸಭೆಯ ಗುಂಡುಪಿನ್ನುಗಳನ್ನೂ ಎಣಿಸಿ ಕೊಡುವವರು. ನನಗೆ ಮೂರು ದಾರಿ ಕಂಡವು. ಹೊರಗಿನ ಯಾವುದಾದರೂ ಕಂಪನಿಗೆ ವರ್ಷದ ಲೆಕ್ಕದಲ್ಲಿ ಸರ್ವರಿನ ನಿಗಾ ಒಪ್ಪಿಸುವುದು ಒಂದು. ಮೋನಪ್ಪನವರಿಗೇ ತಿಂಗಳ ಸಂಬಳ ಕೊಟ್ಟು ನಿಗದಿಯಾದ ಹೊತ್ತಿನಲ್ಲಿ ಮಾತ್ರ ಕೇಳುವುದು ಇನ್ನೊಂದು. ಈಗಿರುವಂತೆಯೇ ಕಿಟಕಿಯಿಂದ ಕೂಗುವುದು ಮೂರನೆಯದು. ನಮೂನೆಯಲ್ಲಿ ಪ್ರತಿ ದಾರಿಯ ಮುಂದೆ ‘ಖರ್ಚು’ ಎಂಬ ಕಾಲಂ ಇತ್ತು. ಮೂರನೆಯದರ ಮುಂದೆ ನಾನು ‘ಇಲ್ಲ’ ಎಂದು ಬರೆದೆ. ಅದು ಸುಳ್ಳೆಂದು ಬರೆಯುವಾಗಲೇ ಗೊತ್ತಿತ್ತು. ಆದರೆ ಮುರಿದ ಸ್ಪ್ರಿಂಗನ್ನು ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ.

ದೂರದ ನಗರದ ಒಂದು ಕಂಪನಿಯಿಂದ ಪ್ರಣೀತ್ ಎಂಬ ತರುಣ ಬಂದ. ಇಸ್ತ್ರಿ ಮುರಿಯದ ಅಂಗಿ, ಹೊಳೆಯುವ ಕಡತ. ಅಧ್ಯಕ್ಷರ ಕೋಣೆಗೆ ಬಂದವನೇ ನಗುತ್ತ, ಎಲ್ಲರೂ ಹೇಗಿದ್ದೀರಿ ಎಂದು ಕೇಳಿದ. ಕೋಣೆಯಲ್ಲಿದ್ದ ಆರು ಮಂದಿಯೂ ಒಮ್ಮೆಲೇ ಬಿಕ್ಕಿ, ಚೆನ್ನಾಗಿದ್ದೇವೆ ಎಂದೆವು. ಇವರಿಗೆ ಯಾವುದೋ ಅಂಟುರೋಗ ಎಂದುಕೊಂಡಿರಬೇಕು, ಕುರ್ಚಿಯನ್ನು ಬಾಗಿಲ ಕಡೆಗೆ ಸರಿಸಿಕೊಂಡ. ಆಮೇಲೆ ತನ್ನ ಕಂಪನಿಯ ಬೆಳ್ಳಿ ಯೋಜನೆ, ಬಂಗಾರದ ಯೋಜನೆ, ಹಗಲಿರುಳು ಎತ್ತುವ ಫೋನು, ಪರಿಣತರ ದಂಡು ಎಲ್ಲವನ್ನೂ ವರ್ಣಿಸಿದ. ಬಂಗಾರಕ್ಕೂ ಬೆಳ್ಳಿಗೂ ವ್ಯತ್ಯಾಸವೆಂದರೆ, ಬಂಗಾರದವರು ಫೋನು ಮಾಡಿದರೆ ಕೇಳಿಸುವ ಸಂಗೀತ ಬೇರೆ ಎಂದು ನನಗೆ ಅರ್ಥವಾಯಿತು. ಗೌಡರು ಗಲ್ಲ ಕೆರೆದುಕೊಳ್ಳುತ್ತ ಕೂತಿದ್ದರು.

ನಾನು ಎದ್ದುನಿಂತು, ಬೇಕೆಂದೇ ಒಂದು ಪ್ರಶ್ನೆ ಕೇಳಿದೆ. ಮೂರನೇ ಓಣಿಯ ವಾಲ್ವ್ ತೆರೆದುಕೊಂಡು ಮತ್ತೆ ಮುಚ್ಚದೆ ಹೋದರೆ ಮೊದಲು ಏನನ್ನು ನೋಡಬೇಕು? ತರುಣ ಹತ್ತು ನಿಮಿಷ ನಿರರ್ಗಳವಾಗಿ ಮಾತಾಡಿದ. ಗಂಟಲು ಗಂಗಾಳದಂತೆ ಸ್ವಚ್ಛ, ಒಂದು ಬಿಕ್ಕೂ ಇಲ್ಲ. ಬಿಕ್ಕು ಕೇಳಿಸಿದ್ದು ರಸ್ತೆಯಾಚೆಯಿಂದ. ಮೋನಪ್ಪನವರು ಕಿಟಕಿಯ ಹೊರಗೆ ಬಂದು ನಿಂತು ಎರಡು ಮಾತಿನಲ್ಲಿ ಉತ್ತರ ಹೇಳಿ ಹೋದರು. ಅವರನ್ನು ಮತ್ತೆ ಎಬ್ಬಿಸಿದ್ದು ತಪ್ಪೆಂದು ಗೊತ್ತಿದ್ದರೂ ಗೌಡರು ನೋಡಲಿ ಎಂದೇ ನಾನು ಹಾಗೆ ಮಾಡಿದ್ದೆ.

ಆಮೇಲೆ ಎರಡನೇ ವರ್ಷದ ದರ ಎಷ್ಟು ಎಂದು ಕೇಳಿದೆ. ಅದನ್ನೆಲ್ಲ ನಂತರ ಮಾತಾಡೋಣ ಮೇಡಂ ಎನ್ನುವಷ್ಟರಲ್ಲಿ ತರುಣನಿಗೆ ಬಿಕ್ಕಳಿಕೆ ಹತ್ತಿತು. ಜವಾನ ನೀರು ಕೊಟ್ಟ. ಎರಡನೇ ಲೋಟವೂ ಖಾಲಿಯಾಯಿತು. ಒಂಬತ್ತನೇ ಬಿಕ್ಕಿಗೆ, ಮೂರು ಪಟ್ಟು ಎಂದು ಒಪ್ಪಿಕೊಂಡ. ಹಗಲಿರುಳು ಫೋನು ಎತ್ತುವವರು ಯಾರು ಎಂದು ಕೇಳಿದೆ. ಬಿಕ್ಕುತ್ತ, ನಾನೊಬ್ಬನೇ ಎಂದ. ನಿಮಗೂ ತಿಳಿಯದಿದ್ದರೆ ಯಾರನ್ನು ಕೇಳುತ್ತೀರಿ ಎಂಬುದು ನನ್ನ ಕೊನೆಯ ಪ್ರಶ್ನೆಯಾಗಿತ್ತು.

ಆ ಹುಡುಗನ ಕಣ್ಣಲ್ಲಿ ನೀರೇ ಬಂತು. “ಈ ಸಾಫ್ಟ್‌ವೇರ್ ಬಳಸುವವರೆಲ್ಲ ಸೇರುವ ಒಂದು ಜಾಲತಾಣ ಇದೆ ಮೇಡಂ. ಅಲ್ಲಿ ಎಂ. ಪತ್ತಾರ್ ಅಂತ ಒಬ್ಬರು ಏನು ಕೇಳಿದರೂ ಬಿಡಿಸಿ ಬರೆಯುತ್ತಾರೆ. ನಾವು ಅದನ್ನೇ ನೋಡಿ ಗಿರಾಕಿಗಳಿಗೆ ಹೇಳುತ್ತೇವೆ.”

ನಾನು ಕಿಟಕಿಯಾಚೆ ಬೆರಳು ತೋರಿಸಿದೆ. ಪ್ರಣೀತ್ ಕಡತವನ್ನು ಅಲ್ಲೇ ಬಿಟ್ಟು ಓಡಿಹೋಗಿ ಮೋನಪ್ಪನವರ ಕಾಲಿಗೆ ಬಿದ್ದ. ಬಿದ್ದವನು ಸುಮ್ಮನೆ ಎದ್ದನೇ, ಭಕ್ತಿಯಿಂದ ಒಂದರ ಮೇಲೊಂದು ಹದಿನಾಲ್ಕು ಪ್ರಶ್ನೆ ಕೇಳಿದ. ಮೋನಪ್ಪನವರು ಸಂಜೆಯ ತನಕ ಬಿಕ್ಕಿದರು.

ಸಭೆಯಲ್ಲಿ ನಾನು ಎರಡನೇ ದಾರಿಯ ಪರವಾಗಿ ಮಾತಾಡಿದೆ. ಕಂಪನಿಯೂ ಅವರನ್ನೇ ಕೇಳುತ್ತದೆ ಎಂದ ಮೇಲೆ ನಾವೇ ಅವರಿಗೆ ಸಂಬಳ ಕೊಡೋಣ ಎಂದೆ. ಗೌಡರು ನನ್ನ ಟಿಪ್ಪಣಿಯನ್ನು ಎತ್ತಿ ಹಿಡಿದು, ‘ಇಲ್ಲ’ ಎಂದು ಬರೆದ ಜಾಗದ ಮೇಲೆ ಬೆರಳಿಟ್ಟರು.

“ಇಲ್ಲಿ ಬಾಯಾರ ಸ್ವತಃ ಬರದಾರ, ಖರ್ಚ ಇಲ್ಲ ಅಂತ. ಬಿಕ್ಕಿ ಹೇಳಿದ್ದಕ್ಕ ಬೆಲಿ ಇಲ್ಲ ಅಂತ ಹಿರ್ಯಾರೂ ಹೇಳ್ಯಾರ. ಪುಕ್ಕಟ ಬರೂದಕ್ಕ ಪಗಾರ ಕೊಟ್ರ ಮಂದಿ ನಗತಾರ.”

ಸದಸ್ಯರು ಈಗಲೇ ನಕ್ಕರು. ಆ ಸುಳ್ಳು ನನ್ನದು, ಆ ಅಕ್ಷರ ನನ್ನದು. ಎದ್ದು ಅದನ್ನು ಹೇಳುವ ಧೈರ್ಯ ನನಗಾಗಲಿಲ್ಲ. ಮೂರನೇ ದಾರಿ ಸರ್ವಾನುಮತದಿಂದ ಪಾಸಾಯಿತು.

ನಾಲ್ಕನೇ ದಿನ ಮೋನಪ್ಪನವರು ತಮ್ಮ ಮೇಜು, ಸಣ್ಣ ಸಣ್ಣ ಡ್ರಾಯರುಗಳು, ಭೂತಗನ್ನಡಿ, ಹಳೆಯ ಕಂಪ್ಯೂಟರು ಎಲ್ಲವನ್ನೂ ತಳ್ಳುಗಾಡಿಗೆ ಹೇರಿಕೊಂಡು ಅಗಸಿ ದಾಟಿದರು. ದೂರವೇನೂ ಹೋಗಲಿಲ್ಲ. ಬಾಗಿಲಿನಿಂದ ಇಪ್ಪತ್ತು ಹೆಜ್ಜೆ ಆಚೆ, ಸೋಡಾ ಅಂಗಡಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಕೂತರು. ನಮ್ಮ ಬಿಕ್ಕಳಿಕೆಗೆ ಆ ಇಪ್ಪತ್ತು ಹೆಜ್ಜೆ ದಾಟುವ ಶಕ್ತಿಯಿಲ್ಲ.

ಮಂಗಳವಾರ ಏಳನೇ ಓಣಿಗೆ ನೀರು ಬರಲಿಲ್ಲ. ಹೆಂಗಸರು ಕೊಡ ಹಿಡಿದು ಪುರಸಭೆಯ ಮೆಟ್ಟಿಲೇರಿದರು. ಗೌಡರು ಹಳೆಯ ರೂಢಿಯಂತೆ ಕಿಟಕಿಗೆ ಹೋಗಿ, ಏಳನೇ ಓಣಿಗೆ ನೀರು ಯಾಕೆ ಬರುತ್ತಿಲ್ಲ ಎಂದು ಗಟ್ಟಿಯಾಗಿ ಕೇಳಿದರು. ಎದುರು ಅಂಗಡಿಗೆ ಬೀಗವಿತ್ತು. ಎಲ್ಲರೂ ಕಿವಿಗೊಟ್ಟು ನಿಂತೆವು. ಆಗ ‘ಬಿಕ್’ ಎಂಬ ಸದ್ದು ಕೋಣೆಯೊಳಗೇ ಕೇಳಿಸಿತು. ಎಲ್ಲರೂ ತಿರುಗಿ ನೋಡಿದರು. ನಾನೂ ತಿರುಗಿ ನೋಡಿದೆ. ನನ್ನ ಹಿಂದೆ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ.

ಉತ್ತರ ಹೇಳಿದೆ, ಹೋಗಿ ಸರಿ ಮಾಡಿಯೂ ಬಂದೆ. ಐದು ನಿಮಿಷದ ಕೆಲಸ. ಗೌಡರಿಗೆ ಆದ ಸಂತೋಷ ನೋಡಬೇಕಿತ್ತು, ರಸ್ತೆ ದಾಟುವ ಹೊತ್ತೂ ಉಳಿಯಿತಲ್ಲ ಎಂದರು. ಆ ವಾರ ನಾನು ಎಷ್ಟು ಬಿಕ್ಕಿದೆ ಎಂಬ ಲೆಕ್ಕ ಇಡಲಿಲ್ಲ. ತುತ್ತು ನೆತ್ತಿಗೇರಿತು, ಚಹಾ ಕಡತಗಳ ಮೇಲೆ ಚೆಲ್ಲಿತು, ಜನನ ಪ್ರಮಾಣಪತ್ರದಲ್ಲಿ ಒಂದು ಕೂಸಿನ ಹೆಸರಿಗೆ ಎರಡು ಬಾಲ ಬಂದವು. ಮೂರು ವರ್ಷ ಕೈಗೆ ಎಣ್ಣೆ ಹತ್ತಿದೆ ಎಂದು ನನ್ನಿಂದ ಕೀಲಿ ಒತ್ತಿಸಿದ್ದರ ಮರ್ಮ ನಿಧಾನವಾಗಿ ಹೊಳೆಯಿತು. ಮೈ ಉರಿದುಹೋಯಿತು. ರವಿವಾರ ಬೆಳಿಗ್ಗೆ ಸೆರಗು ಬಿಗಿದುಕೊಂಡು ಅಗಸಿಯ ಆಚೆ ನಡೆದೆ.

ಮೋನಪ್ಪನವರು ಗಡಿಯಾರದಿಂದ ತಲೆ ಎತ್ತಿ, “ಊಟ ಆತೇನ್ರೀ ಬಾಯಾರ?” ಎಂದರು.

ನಾನು ಅಭ್ಯಾಸಬಲದಿಂದ ಗಂಟಲು ಹಿಡಿದುಕೊಂಡೆ. ಏನೂ ಬರಲಿಲ್ಲ. ಹೇಳಿದರೂ ಆಯಿತು, ಬಿಟ್ಟರೂ ಆಯಿತು. ಐವತ್ತೆರಡು ವರ್ಷದ ನನ್ನ ಬಾಳಿನಲ್ಲಿ ಊಟ ಆಯಿತೇ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಬೈಯಲು ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ, ಅಳು ಬಂದುಬಿಟ್ಟಿತು. ಇನ್ನೂ ಇಲ್ಲ ಎಂದು ಹೇಳಿ, ಮೂಗು ಒರೆಸಿಕೊಂಡು, ಆಮೇಲೆ ಬೈದೆ. ಬೇಕೆಂದೇ ನನ್ನನ್ನು ಎರಡನೆಯವಳನ್ನಾಗಿ ಮಾಡಿ ಈಗ ನಡುನೀರಿನಲ್ಲಿ ಕೈಬಿಟ್ಟಿರಿ ಎಂದೆ.

“ಹೌದ್ರಿ, ಕಲಿಸೇನಿ. ಒಬ್ಬರರ ಕಲತ್ರ ನನ್ನ ಕೈ ನನಗ ತಿರುಗಿ ಸಿಗತಾವ ಅಂತ ಕಲಿಸೇನಿ. ಕಲಿಸೂದು ನನಗ ಬ್ಯಾಸರ ಇಲ್ಲ. ಆ ಜಾಲತಾಣದಾಗ ದಿನಾ ಬರೀತೀನಿ, ಯಾರೂ ನನ್ನ ಗಂಟಲಾ ಹಿಡಿಯೂದಿಲ್ಲ. ಕೆಲಸ ಇದ್ರ ನಾಳಿ ಬರೀತೀನಿ. ನಿಮ್ಮೂರಾಗ ನಾಳಿ ಅನ್ನೂದ ಇಲ್ಲ.”

ನಿಮ್ಮೂರು ಎಂದರು. ಹುಟ್ಟಿದ್ದು, ಬೆಳೆದದ್ದು ಇಲ್ಲೇ ಆದವರ ಬಾಯಲ್ಲಿ ಆ ಮಾತು ನನಗೆ ಚುಚ್ಚಿತು. ಆದರೆ ಗುಮಾಸ್ತೆಯ ತಲೆ ದುಃಖದಲ್ಲೂ ಕೆಲಸ ಮಾಡುತ್ತದೆ. ಅಗಸಿಯಾಚೆ ಹೋದ ಮೇಲೆ ಮೋನಪ್ಪನವರು ಹೊರಗಿನವರು. ಹೊರಗಿನವರು ಪುರಸಭೆಗೆ ದರಪಟ್ಟಿ ಕೊಡಬಹುದು. ಅವರು ಬಿಕ್ಕಿ ಹೇಳುವುದಿಲ್ಲ, ಆದ್ದರಿಂದ ಹಿರಿಯರ ಮಾತೂ ಅವರಿಗೆ ಅನ್ವಯಿಸುವುದಿಲ್ಲ. ಸೋಡಾ ಅಂಗಡಿಯ ಬೆಂಚಿನ ಮೇಲೆ ಕೂತು ನಾನೇ ಬರೆದೆ: ಪತ್ತಾರ ತಾಂತ್ರಿಕ ಸೇವೆ, ಅಗಸಿಯ ಹೊರಗೆ. ಬುಧವಾರ ಮತ್ತು ಶನಿವಾರ ಮಧ್ಯಾಹ್ನ ಎರಡು ತಾಸು. ಪ್ರಶ್ನೆ ಇದ್ದವರು ಶೆಡ್ಡಿಗೆ ಬರತಕ್ಕದ್ದು. ದರ, ಆ ಕಂಪನಿ ಹೇಳಿದ್ದರ ಮೂರರಲ್ಲಿ ಒಂದು ಪಾಲು. ಹಳೆಯ ಟಿಪ್ಪಣಿಯನ್ನೂ ತಿದ್ದಿದೆ. ಕಿಟಕಿಯ ದಾರಿಯ ಮುಂದೆ, ಒಬ್ಬ ಮನುಷ್ಯನ ಕೈ ಎಂದು ಬರೆದು ಕೆಳಗೆ ಸಹಿ ಹಾಕಿದೆ.

ಗೌಡರು ಎರಡನ್ನೂ ಓದಿ ಮೀಸೆಯಲ್ಲೇ ನಕ್ಕರು. ಇದು ನಮ್ಮ ಮೋನಪ್ಪಂದೇ ಎಂದರು. ನಾನು ಅಲ್ಲಗಳೆಯಲಿಲ್ಲ. ಅಂದು ನನಗೂ ತಿಳಿಯದ ಕಾರಣಕ್ಕೆ ಐದನೇ ಓಣಿಯ ನೀರು ನಿಂತು, ಕೊಡ ಹಿಡಿದ ಹೆಂಗಸರು ಮತ್ತೆ ಮೆಟ್ಟಿಲ ಮೇಲೆ ಇದ್ದುದರಿಂದ ಸಹಿಯೇನೋ ಬಿತ್ತು. ಆದರೆ ಕೊಟ್ಟ ಕಾಸಿಗೆ ಆತ ಸರಿಯಾಗಿ ದುಡಿಯುತ್ತಾನೋ ಇಲ್ಲವೋ ನೋಡುವವರು ಬೇಕು ಎಂದು ಅವರು ಗೊಣಗಿದರು. ಹೊರಗಿನ ಸೇವೆಯನ್ನು ಪರಿಶೀಲಿಸುವ ಅಧಿಕಾರ ಸಹಿ ಮಾಡಿದ ಅಧ್ಯಕ್ಷರಿಗೆ ಮಾತ್ರ ಇರುವುದೆಂದು ಕರಾರಿನಲ್ಲೇ ಇದೆ ಎಂದು ನಾನು ಬಹಳ ವಿನಯದಿಂದ ತೋರಿಸಿದೆ. ಇತ್ತು. ಅಂದು ಬೆಳಿಗ್ಗೆ ನಾನೇ ಸೇರಿಸಿದ್ದೆ.

ಗೌಡರಿಗೆ ಅದು ಹಿಡಿಸಿತು. ವಾರಕ್ಕೆರಡು ಸಲ ಜೀಪಿನಲ್ಲಿ ಹೋಗಿ, ತಣ್ಣನೆಯ ಸೋಡಾ ಕುಡಿಯುತ್ತ, ಮೋನಪ್ಪನವರ ಎದುರು ಕೂತು ಪ್ರತಿಯೊಂದು ಸಾಲನ್ನೂ ಬಿಡಿಸಿ ಕೇಳುತ್ತಿದ್ದರು. ಇದು ಯಾಕೆ, ಇದನ್ನು ತೆಗೆದರೆ ಏನಾಗುತ್ತದೆ, ಇಲ್ಲಿ ನನಗೆ ಟೋಪಿ ಹಾಕುತ್ತಿಲ್ಲವಷ್ಟೇ? ಮೋನಪ್ಪನವರು ತಾಳ್ಮೆಯಿಂದ ಹೇಳುತ್ತಿದ್ದರು, ನಡುನಡುವೆ ಅವರ ಚಿಮಟ ಅಲುಗಾಡದೆ ಕೆಲಸ ಮಾಡುತ್ತಿತ್ತು. ಹಳೆಯ ಉಕ್ಕಿನ ತಂತಿಯನ್ನು ತಿಂಗಳುಗಟ್ಟಲೆ ಉಜ್ಜಿ, ಸುತ್ತಿ, ಸಿಸ್ಟರ್ ಸುಗುಣಾ ಅವರ ಗಡಿಯಾರಕ್ಕೆ ಹೊಸ ಸ್ಪ್ರಿಂಗನ್ನು ಕೈಯಿಂದಲೇ ಮಾಡಿ ಕೂಡಿಸಿದರು. ಗಿರಾಕಿಗಳು ಒಬ್ಬೊಬ್ಬರಾಗಿ ಅಗಸಿ ದಾಟಿ ಹೋಗತೊಡಗಿದರು. ಇತ್ತ ನಾನು ನೋಟ್‌ಬುಕ್ಕುಗಳ ಕಡೆ ತಲೆ ಹಾಕದೆ, ಬಂದದ್ದನ್ನು ಬಂದಷ್ಟು ಬೇಗ ಮರೆಯಲು ಶ್ರದ್ಧೆಯಿಂದ ಪ್ರಯತ್ನಿಸುತ್ತಿದ್ದೆ. ಆಸಕ್ತಿಯಿಂದ ಕಲಿಯುವವನಿಗಿಂತ ಸಂಶಯದಿಂದ ಕಲಿಯುವವನಿಗೆ ವಿದ್ಯೆ ಬೇಗ ಹತ್ತುತ್ತದೆ.

ಮೂರು ತಿಂಗಳ ಮೇಲೆ ಒಂದು ಸೋಮವಾರ ನಾಲ್ಕನೇ ಓಣಿಯ ವಾಲ್ವ್ ಅರ್ಧಕ್ಕೆ ನಿಂತಿತು. ನಾನು ಮೇಜಿನ ಮೇಲೆ ನೀರಿನ ಲೋಟ ಇಟ್ಟುಕೊಂಡು, ಬಾಯಿಗೆ ಸೆರಗು ಹಿಡಿದು, ನಾಲ್ಕನೇ ಓಣಿಗೆ ಏನಾಗಿದೆ ಎಂದು ಸ್ಪಷ್ಟವಾಗಿ ಕೇಳಿದೆ. ಕಾದೆ. ನನಗೆ ಏನೂ ಆಗಲಿಲ್ಲ. ಅಧ್ಯಕ್ಷರ ಕೋಣೆಯಲ್ಲಿ ಜಿಲ್ಲೆಯಿಂದ ಬಂದ ದೊಡ್ಡ ಅಧಿಕಾರಿಗಳ ಮುಂದೆ ಗೌಡರು ಪುರಸಭೆಯ ಉಳಿತಾಯದ ಬಗ್ಗೆ ಮಾತಾಡುತ್ತಿದ್ದರು. ಮಾತು ಅಲ್ಲಿಗೇ ತುಂಡಾಯಿತು. ಗೋಡೆ ನಡುಗುವಂಥ ಬಿಕ್ಕಳಿಕೆ, ಗೌಡರ ಮೈಗೆ ತಕ್ಕದ್ದು.

ನಾನು ಪೆನ್ನು ಹಿಡಿದು ಒಳಗೆ ಹೋಗಿ ಕೈಕಟ್ಟಿ ನಿಂತೆ. ಗೌಡರು ಕೆಂಪಾದ ಮುಖ ಹೊತ್ತು, ಬಿಕ್ಕುತ್ತ ಬಿಕ್ಕುತ್ತ, ಯಾವ ಕಡತದ ಯಾವ ಸಾಲನ್ನು ಹೇಗೆ ತಿದ್ದಬೇಕೆಂದು ಒಂದೂ ತಪ್ಪಿಲ್ಲದೆ ಹೇಳಿದರು. ಬಿಕ್ಕಳಿಕೆ ನಿಂತಿತು. ಅಧಿಕಾರಿಗಳು ಬೆರಗಾಗಿ, ಇನ್ನೊಮ್ಮೆ ವಿವರಿಸಿ ಹೇಳುವಿರಾ ಎಂದು ಕೇಳಿದರು. ಮತ್ತೆ ಹತ್ತಿತು. ಅದೂ ಮುಗಿದ ಮೇಲೆ ಗೌಡರು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು ನನ್ನ ಕಡೆ ತಿರುಗಿದರು.

“ಬಾಯಾರ, ಬರೂ ಸಭಾಕ್ಕ ಒಂದು ಟಿಪ್ಪಣಿ ತಯಾರ ಮಾಡ್ರಿ. ಇದನ್ನ ಇನ್ನೂ ನಾಕ ಮಂದಿ ಮೋನಪ್ಪನ ಕಡೆ ನನಗಿಂತ ಚಂದಂಗ ಕಲೀಬೇಕು. ಖರ್ಚ ಎಷ್ಟರ ಆಗಲಿ.”

ನಾನು ಅದನ್ನೂ ಬರೆದುಕೊಂಡೆ.